ವಸ್ತ್ರದ ಕೆಳಗಿನ ವಿದ್ಯೆ

"ಕಾಕಾ, ಎಂಜಿನ್ ಬಂದ್ ಬಿತ್ತರಿ! ನಡು ನೀರಾಗ ಅದೇವಿ!"

ಪ್ರತೀಕನ ಫೋನು ಬಂದಾಗ ಜ್ಯೋತೆಪ್ಪ ಮಿರಜಿನ ತನ್ನ ಗ್ಯಾರೇಜಿನಲ್ಲಿ ಒಂದು ಟ್ರ್ಯಾಕ್ಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಪ್ರತೀಕ ಅವನ ಅಣ್ಣನ ಮಗ. ಕೃಷ್ಣೆ ಉಕ್ಕಿ ಅವನ ಊರು ಕಸಬೆ ಡಿಗ್ರಜದ ಮನೆಗಳಿಗೆ ನೀರು ನುಗ್ಗಿತ್ತು. ಪ್ರತೀಕ ಬೆಳಗಿನಿಂದ ಡೀಸೆಲ್ ಎಂಜಿನ್ನಿನ ದೋಣಿಯಲ್ಲಿ ಊರ ಜನರನ್ನು ದಂಡೆಗೆ ಸಾಗಿಸುತ್ತಿದ್ದ. ಕೊನೆಯ ಸುತ್ತಿನಲ್ಲಿ ದೋಣಿ ಹತ್ತಿದವಳು ಒಬ್ಬಳೇ, ಜ್ಯೋತೆಪ್ಪನ ಹೆಂಡತಿ ಸರುಬಾಯಿ. ಭಾವನ ಮನೆಯ ಸಾಮಾನು ಮಾಳಿಗೆಗೆ ಏರಿಸಿಕೊಡಲು ಹೋದವಳು, "ಎಲ್ಲಾರೂ ಹೋಗ್ಲಿ, ಆಮ್ಯಾಲೆ ನಾ" ಎಂದು ಹಟ ಹಿಡಿದು ಉಳಿದಿದ್ದಳು.

"ಡೀಸೆಲ್ ಖಾಲಿ ಆಗಿತ್ತೇನು?"

"ಹೌದ್ರಿ. ಡಬ್ಬಿಲೆ ಸುರುವೇನಿ, ಈಗ ಟಾಕಿ ತುಂಬ ಐತಿ. ಹ್ಯಾಂಡಲ್ ತಿರುವಿ ತಿರುವಿ ರಟ್ಟಿ ಬಿದ್ದುಹೋದ್ವು, ಚಾಲೂನ ಆಗವಲ್ದು. ದೋಣಿ ಸೆಳವಿನ ಕಡೆ ಹೊಂಟೈತಿ ಕಾಕಾ!"

ಇಷ್ಟೇನಾ ಎಂದು ಜ್ಯೋತೆಪ್ಪನ ಜೀವ ಹಗುರಾಯಿತು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ. ಪಿಸ್ಟನ್ನು ಗಾಳಿಯನ್ನು ಒತ್ತಿ ಒತ್ತಿ ಕಾಯಿಸುತ್ತದೆ, ಆ ಕಾದ ಗಾಳಿಗೆ ಪಂಪು ಡೀಸೆಲನ್ನು ಮಂಜಿನ ಹಾಗೆ ಚಿಮ್ಮಿಸುತ್ತದೆ, ಅದು ತಾನೇ ಹೊತ್ತಿಕೊಳ್ಳುತ್ತದೆ. ಆದರೆ ಟಾಕಿ ಒಮ್ಮೆ ಪೂರಾ ಬರಿದಾಯಿತೋ, ಡೀಸೆಲ್ ಹರಿಯುವ ನಳಿಗೆಯಲ್ಲಿ ಗಾಳಿ ಹೊಕ್ಕು ಕೂತುಬಿಡುತ್ತದೆ. ಆಮೇಲೆ ಕೊಡಗಟ್ಟಲೆ ಸುರಿದರೂ ಪಂಪು ಆ ಗಾಳಿಯನ್ನೇ ಒತ್ತುತ್ತಿರುತ್ತದೆ, ಡೀಸೆಲ್ ಮುಂದೆ ಸರಿಯುವುದಿಲ್ಲ. ಫಿಲ್ಟರಿನ ತಲೆಯ ಮೇಲಿನ ಸಣ್ಣ ತಿರುಪು ಸಡಿಲಿಸಿ ಗಾಳಿ ಹೊರಗೆ ಬಿಟ್ಟರೆ ಮುಗಿಯಿತು. ಹಿಂದೆ ಹೊಳೆದಂಡೆಯ ರೈತರಿಗೆಲ್ಲ ಗೊತ್ತಿದ್ದ ಮಾತು. ಕರೆಂಟಿನ ಮೋಟಾರು ಬಂದ ಮೇಲೆ ಅವರು ಮರೆತರು, ಜ್ಯೋತೆಪ್ಪ ಮರೆಯಲಿಲ್ಲ.

ಮರೆಯಲಿಲ್ಲ, ಯಾರಿಗೂ ಹೇಳಿಕೊಡಲೂ ಇಲ್ಲ. ದನದ ಸಂತೆಯ ದಲಾಲರು ವಸ್ತ್ರದ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆ, ಹೆಗಲ ಮೇಲಿನ ವಸ್ತ್ರವನ್ನು ಎಂಜಿನ್ನಿನ ಮೇಲೆ ಹೊದಿಸಿ ಒಳಗೊಳಗೇ ತಿರುಪಿಗೆ ಪಾನಾ ಹಾಕಿ ತಿರುವುತ್ತಿದ್ದ. ಎಂಜಿನ್ ಗುಡುಗಿದಾಗ ಜನ ಬಾಯಿ ಬಿಟ್ಟುಕೊಂಡು "ಮಿಸ್ತ್ರಿ ಕೈಗುಣ" ಅನ್ನಬೇಕು, ಅದೊಂದು ಹಾಳು ಚಟ. "ಒಮ್ಮೆ ತೋರಸ್ರಿ ಕಾಕಾ" ಎಂದು ಪ್ರತೀಕ ಎರಡು ವರ್ಷದಿಂದ ಬೆನ್ನು ಹತ್ತಿದ್ದ. "ತೋರಸೂಣಂತ" ಎನ್ನುತ್ತಲೇ ಇವನು ದಿನ ತಳ್ಳಿದ್ದ. "ಮ್ಯಾಲೆ ಹೋಗುವಾಗ ಆ ವಿದ್ಯಾ ಏನ ಗಂಟ ಕಟಗೊಂಡ ಹೋಗ್ತೀರೇನು?" ಎಂದು ಸರುಬಾಯಿ ಎಷ್ಟು ಸಲ ಚುಚ್ಚಿದ್ದಳೋ!

ಈಗಲೂ ತುದಿ ನಾಲಿಗೆಗೆ ಬಂದ ಮಾತನ್ನು ಅವನು ನುಂಗಿಕೊಂಡ. ಟ್ರ್ಯಾಕ್ಟರಿನ ಮಾಲಕ, ಲಿಂಗನೂರಿನ ಪಾರಿಸ, ಪಕ್ಕದಲ್ಲೇ ಕಿವಿ ನಿಮಿರಿಸಿ ನಿಂತಿದ್ದ. ಅವನ ಹಿಂದೆ ಇನ್ನಿಬ್ಬರು ಗಿರಾಕಿಗಳು.

"ತಡಿ, ಫೋನ್ ಇಡಬ್ಯಾಡ. ಹೊರಗ ಬಂದ ಹೇಳ್ತೇನಿ."

ಮಳೆಯಲ್ಲೇ ಅಂಗಳ ದಾಟಿದ. ಗೇಟಿನ ಬಳಿ ಮತ್ಯಾರೋ ನಿಂತಿದ್ದರು. ರಸ್ತೆ ದಾಟೋಣವೆಂದರೆ ಒಂದರ ಹಿಂದೊಂದು ಲಾರಿ. ಕಡೆಗೆ ಬಾಗಿಲು ಹಾಕಿದ್ದ ಚಹಾದಂಗಡಿಯ ಹಿಂದೆ ಹೋಗಿ ನಿಂತ. ಎರಡು ನಿಮಿಷ ಹಿಡಿದಿರಬೇಕು, ಹೆಚ್ಚೆಂದರೆ ಮೂರು. ಅಷ್ಟು ಹೊತ್ತೂ ಫೋನಿನಲ್ಲಿ ಸರುಬಾಯಿಯ ದನಿ ಕೇಳುತ್ತಿತ್ತು. "ಅದೇನೈತಿ ಲಗೂ ಹೇಳ್ರಿ! ಸೆಳವು ಭಾಳ ಐತಿ, ನಂಗ ಅಂಜಿಕಿ ಬರಾಕತ್ತೈತಿ!"

"ಪ್ರತೀಕ, ಫಿಲ್ಟರ್ ಮ್ಯಾಲೆ ಒಂದ ಸಣ್ಣ ತಿರುಪ ಐತಿ ನೋಡು. ಪಾನಾ ಹಚ್ಚಿ ಸಡ್ಲ ಮಾಡು."

"ಮಾಡೀನ್ರಿ. ಬರೇ ಬುರುಗ ಬರಾಕತ್ತೈತಿ."

"ಬರ್ಲಿ ಬಿಡು, ಅದ ಗಾಳಿ. ಬುರುಗ ನಿಂತು ಡೀಸೆಲ್ ಬಂತಂದ್ರ ಬಿಗಿ ಮಾಡು. ಬಂತೇನು? ಹಾಂ, ಈಗ ಹ್ಯಾಂಡಲ್ ಹೊಡಿ!"

ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ಹೊತ್ತಿಕೊಂಡಿತು. ಆ ಟಕಟಕ ಸದ್ದು ಕೇಳಿ ಜ್ಯೋತೆಪ್ಪ ಮಳೆಯಲ್ಲಿ ಒಬ್ಬನೇ ನಕ್ಕ. ನಗು ಮುಗಿಯುವ ಮೊದಲೇ ಏನೋ ಜೋರಾಗಿ ಬಡಿದ ಸದ್ದು, ಪ್ರತೀಕನ ಚೀರಾಟ. ಆಮೇಲೆ ಫೋನು ಕಟ್ಟಾಯಿತು.

ದೋಣಿ ಸೆಳವಿಗೆ ಸಿಕ್ಕು, ಅರ್ಧ ಮುಳುಗಿದ್ದ ಕರೆಂಟಿನ ಕಂಬಕ್ಕೆ ಬಡಿದು ಮಗುಚಿತ್ತು. ಪ್ರತೀಕ ಕಂಬ ತಬ್ಬಿಕೊಂಡು ಉಳಿದ. ಸರುಬಾಯಿ ಮೂರನೆಯ ದಿನ ಅಂಕಲಿಯ ಹತ್ತಿರ ಸಿಕ್ಕಳು.

ಮಣ್ಣು ಮಾಡಿದ ಮರುದಿನ ಜನ ಮಾತಾಡಿಸಿಕೊಂಡು ಹೋಗಲು ಬಂದರು. ಪ್ರತೀಕ ಗೋಡೆಗೆ ಒರಗಿ ಅಳುತ್ತ ಒಂದೇ ಮಾತು ಹೇಳುತ್ತಿದ್ದ. "ಎಂಜಿನ್ ಚಾಲೂ ಆಗಿತ್ತರಿ. ಇನ್ನೊಂದ ಮಿನಿಟ ಮೊದ್ಲ ಆಗಿದ್ರ ದೋಣಿ ತಿರುಗಿಸ್ತಿದ್ನಿ. ನನ್ನ ಕೈಲೆ ಆಗ್ಲಿಲ್ಲ, ನಾನ ಕಾಕುನ್ನ ಮುಳುಗಿಸಿದ್ನಿ."

ಪಾರಿಸ ಅವನ ಬೆನ್ನು ಸವರಿದ. "ಹಂಗನಬ್ಯಾಡಪಾ. ನಿಮ್ಮ ಕಾಕಾರನ್ನ ನೋಡಿ ಧೈರ್ಯ ತಗೋ. ಹೆಂಡ್ತಿ ಜೀವ ಹೊಳ್ಯಾಗ ಸಿಕ್ಕೊಂಡಿತ್ತು, ಅಂಥಾದ್ರಾಗೂ ನಮಗ ಗಾಬರಿ ಆಗಬಾರ್ದಂತ ಹೊರಗ ಹೋಗಿ ಮಾತಾಡಿದ್ರು. ಎಂಥಾ ದೊಡ್ಡ ಮನಸ ನಿಮ್ಮ ಕಾಕಾರದು!"

ಕೂತವರೆಲ್ಲ ಹೌದೆಂದು ತಲೆ ಆಡಿಸಿದರು. ಜ್ಯೋತೆಪ್ಪ ಸುಮ್ಮನಿದ್ದಿದ್ದರೆ ಆ ದೊಡ್ಡ ಮನಸ್ಸು ಸಾಯುವ ತನಕ ಅವನದೇ ಆಗಿ ಉಳಿಯುತ್ತಿತ್ತು. ಆದರೆ ಅವನು ಎದ್ದು ಅಳುತ್ತಿದ್ದ ಪ್ರತೀಕನ ಪಕ್ಕಕ್ಕೆ ಹೋಗಿ ಕೂತ.

"ಅಲ್ಲೋ ಪಾರಿಸ," ಎಂದ. "ಆ ತಿರುಪು ಎಲ್ಲಿರ್ತೈತಿ ಅನ್ನೂದು ನಿಂಗ ಗೊತ್ತಾಗಬಾರ್ದಂತ ಹೊರಗ ಹೋಗಿದ್ನಿ."

ಗೋಡೆಗೆ ಒರಗಿದ್ದ ಪ್ರತೀಕ ಅಳುವುದನ್ನು ನಿಲ್ಲಿಸಿದ.