ಅಡ್ಡಪಟ್ಟಿ

ಟೈಲರಮ್ಮನ ಗಂಡನಿಗೆ ಕೇಳಿ ತೆಗೆದುಕೊಳ್ಳುವ ಅಭ್ಯಾಸವಿರಲಿಲ್ಲ. “ಈಗ ಗುದ್ದಿ ನೋಡೇ, ಅಲ್ಲಾಡಲ್ಲ,” ಎಂದು ತಾನೇ ಮಾಡಿದ ಮರದ ಸ್ಪೀಕರ್ ಪೆಟ್ಟಿಗೆಯನ್ನು ಅವಳು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟ. ನಿನ್ನೆಯವರೆಗೆ ಹಾಡು ಹಾಕಿದರೆ ಗಡಗಡ ನಡುಗುತ್ತಿದ್ದ ಪೆಟ್ಟಿಗೆ. ಅವಳು ಸ್ಪೀಕರ್ ಕಳಚಿದ ದುಂಡನೆಯ ತೂತಿನೊಳಗೆ ಬಗ್ಗಿ ನೋಡಿದಳು. ಹಲಗೆಗಳ ನಡುವೆ ಎರಡು ಅಡ್ಡಪಟ್ಟಿಗಳು ಅಂಟಿನಲ್ಲಿ ಬಿಗಿದು ಕೂತಿದ್ದವು. ಮೊದಲ ಪಟ್ಟಿಯ ಮೇಲೆ ಒಂದರಿಂದ ಹದಿನಾರರವರೆಗೆ, ಇನ್ನೊಂದರ ಮೇಲೆ ಹದಿನೇಳರಿಂದ ಮೂವತ್ತೆರಡರವರೆಗೆ ಅಂಕಿಗಳಿದ್ದವು.

“ಇದು ನನ್ನ ಅಳತೆಕೋಲು.”

“ಅಂಥ ತೇಗ ಎಲ್ಲಿ ಸಿಗುತ್ತೆ? ನಿನಗೆ ಟೇಪ್ ಇದೆಯಲ್ಲ.”

“ಟೇಪಲ್ಲಿ ಯಾರಾದ್ರೂ ನೆಟ್ಟಗೆ ಗೆರೆ ಎಳೀತಾರಾ? ಮೊದ್ಲು ನಿನ್ನ ತಲೆಗೆ ಎರಡು ಪಟ್ಟಿ ಹೊಡ್ಕೋ.”

ಮುಷ್ಟಿ ಬಿಗಿದು ಗುದ್ದಿದಳು. ಪೆಟ್ಟಿಗೆ ನಿಜವಾಗಿಯೂ ಅಲ್ಲಾಡಲಿಲ್ಲ. ಅವಳ ಸಿಟ್ಟು ನೆತ್ತಿಗೇರಿದ್ದು ಅದಕ್ಕೇ. ಮೇಜಿನ ಕೆಳಗೆ ಕೋಲಿನ ತುಂಡೊಂದು ಬಿದ್ದಿತ್ತು. ಮೂವತ್ತಾರು ಇಂಚಿನಲ್ಲಿ ಉಳಿದದ್ದು ನಾಲ್ಕು, ಹೋದದ್ದು ಮೂವತ್ತೆರಡು.