ಹನ್ನೆರಡು ನಾಲಿಗೆಯ ಬಳಗ

ಒಂದು ವಿಶ್ವವಿದ್ಯಾಲಯದಲ್ಲಿ ಹನ್ನೆರಡು ಹುಡುಗಿಯರು ಒಂದೇ ಮನೆಯಲ್ಲಿ ಕೂಡಿ ಬಾಳುವ ಸೋದರಿ ಬಳಗವಿತ್ತು; ಅದರಲ್ಲಿ ಒಬ್ಬಳು ತಿಂದದ್ದರ ರುಚಿ ಎಲ್ಲರ ನಾಲಿಗೆಗೂ ಬರುತ್ತಿತ್ತು. ಹೊಸಬರು ಮೂರು ದಿನ ನಾಲಿಗೆ ಜೋಡಿಸಿಕೊಂಡು ನೋಡಿ, ಆಮೇಲೆ ಸೇರಬಹುದು, ಇಲ್ಲವೇ ಬಿಡಬಹುದು. ಅಕ್ಕಂದಿರ ಬಾಯಿ ಉರಿದೀತೆಂದು ಹೆದರಿ ರಾಯಚೂರಿನ ನೀಲಾಂಬಿಕೆ ಮೂರೂ ದಿನ ಬರೀ ಮೊಸರನ್ನ ಉಂಡಳು.

"ನಾ ಸೇರಂಗಿಲ್ರೀ ಅಕ್ಕಾ," ಎಂದಳು ಕೊನೆಗೆ, ಬಳಗದ ಹಿರಿಯಳಾದ ಮಂಗಳೂರಿನ ಫಿಲೋಮಿನಾಳಿಗೆ. "ನಂಗ ಖಾರ ಬೇಕ್ರೀ. ದಿನಾ ಮೊಸರನ್ನ ಉಣ್ಣಾಕ ಆಗಂಗಿಲ್ಲ."

"ನಮಗೂ ಸಪ್ಪೆ ಸಾಕಾಗಿದೆ ಮಾರಾಯ್ತಿ! ನಿನಗೆ ಬೇಕಾದ್ದು ತಿನ್ನು, ನೋಡುವ."

ನೀಲಾಂಬಿಕೆ ಬೀದಿಯ ಅಂಗಡಿಯಿಂದ ಮಿರ್ಚಿ ಭಜಿ ತಂದು ಕಚ್ಚಿದಳು. ಮಹಡಿಯ ಕೋಣೆಗಳಿಂದೆಲ್ಲ "ಅಯ್ಯಯ್ಯೋ, ನೀರು!" ಎಂಬ ಬೊಬ್ಬೆ ಎದ್ದಿತು. ಅವಳು ನಾಚಿ, ಚೀಲ ಹೆಗಲಿಗೇರಿಸಿ ಹೊರಟಳು. ಫಿಲೋಮಿನಾ ಕಣ್ಣು ಮೂಗು ಒರೆಸಿಕೊಳ್ಳುತ್ತ ಅವಳ ಕೈ ಹಿಡಿದೆಳೆದಳು.

"ಎಲ್ಲಿಗೆ? ಇನ್ನೊಂದು ಕಚ್ಚು!"

ನೀಲಾಂಬಿಕೆ ನಗುತ್ತ ಕೂತಳು. ಸೇರುವ ಅರ್ಜಿಗೆ ಎಣ್ಣೆಗೈಯಲ್ಲೇ ಸಹಿ ಹಾಕಿದಳು.