ಬಾಯಿ ಮಾತ್ರ ನನ್ನದು

“ನಾನು ಬಸುರಿ. ಅಪ್ಪನಿಗೆ ಗೊತ್ತಾದರೆ ಕೊಂದೇ ಹಾಕುತ್ತಾನೆ.”

ಮುಚ್ಚಿದ ಕೋಣೆಯೊಳಗಿಂದ ಮಗಳು ಪ್ರಾಪ್ತಿಯ ದನಿ, ಇಂಗ್ಲಿಷಿನಲ್ಲಿ. ಸಂಕಪ್ಪ ಶೆಟ್ಟರು ಏಳನೇ ತರಗತಿಗೇ ಶಾಲೆ ಬಿಟ್ಟವರು. ಆದರೂ ಬಹರೈನಿನ ಹೋಟೆಲಿನಲ್ಲಿ ಅಷ್ಟು ಇಂಗ್ಲಿಷ್ ಕಲಿತಿದ್ದರು. ಅವರು ಬಾಗಿಲು ತಟ್ಟಲಿಲ್ಲ. ಒದ್ದರು. ಚಿಲಕ ಕಿತ್ತು ಬಂತು.

ಪ್ರಾಪ್ತಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ನಿಲ್ಲಿ ಎಂದು ಅಪ್ಪನ ಕಡೆ ಕೈಯೆತ್ತಿ ಸನ್ನೆ ಮಾಡಿದಳು. ಸ್ಪ್ಯಾನಿಷಿನಲ್ಲಿ ಏನೋ ಕೇಳಿದಳು, ಇಂಗ್ಲಿಷಿನಲ್ಲಿ ಏನೋ ಹೇಳಿದಳು, ಕರೆ ಮುಗಿಸಿ ತಿರುಗಿದಳು.

“ಟೆಕ್ಸಾಸಿನ ಆಸ್ಪತ್ರೆ ಅಪ್ಪ. ಆ ಹುಡುಗಿಗೆ ಬರುವುದು ಸ್ಪ್ಯಾನಿಷ್, ಡಾಕ್ಟರಿಗೆ ಇಂಗ್ಲಿಷ್. ನಡುವೆ ನಾನು.”

“ಹಾಗಾದರೆ ‘ಅವಳು ಬಸುರಿ’ ಅನ್ನಬೇಕು. ‘ನಾನು’ ಅಂತ ಯಾಕೆ ಹೇಳುವುದು?”

“ಈ ಕೆಲಸದ ನಿಯಮವೇ ಅದು. ಅವರು ‘ನಾನು’ ಅಂದರೆ ನಾನೂ ‘ನಾನು’ ಅನ್ನಬೇಕು. ಬಾಯಿ ಮಾತ್ರ ನನ್ನದು.”

ಚಿಲಕದ ಸಂಗತಿ ಸಂಜೆಯೊಳಗೆ ಗುರುವಾಯನಕೆರೆ ಪೇಟೆಗೆ ಮುಟ್ಟಿತು. ಶೆಟ್ಟರದ್ದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಜೀಪಿನ ಯಾಕೂಬ್ ಗಂಭೀರವಾಗಿ ಕೇಳಿದ: “ಶೆಟ್ರೇ, ಬಾಗಿಲಿಗೆ ಈಗ ಎಷ್ಟು ತಿಂಗಳು?”

ಶೆಟ್ಟರು ಅವತ್ತೇ ತೀರ್ಮಾನಿಸಿದರು. ಆ ಕೋಣೆಯಿಂದ ಇನ್ನು ಏನೇ ಕೇಳಿಬರಲಿ, ಅದು ಮಗಳ ಮಾತಲ್ಲ.

ಅಲ್ಲಿಂದ ಮುಂದೆ ಊಟಕ್ಕೆ ಕೂತಾಗ ಅವಳ ಕೆಲಸದ ಕಷ್ಟ ಕೇಳುವುದು ಅವರಿಗೆ ರೂಢಿಯಾಯಿತು. ರೋಗದ ಹೆಸರು ಸುಲಭವಂತೆ, ಮನಸ್ಸಿನದ್ದೇ ಕಷ್ಟವಂತೆ. ‘ಪೇನಾ’ ಎಂದರೆ ಮೆಕ್ಸಿಕೋದವಳಿಗೆ ಸಂಕೋಚ, ಸ್ಪೇನಿನವಳಿಗೆ ದುಃಖ. ಊರು ತಿಳಿಯದೆ ಇಂಗ್ಲಿಷಿಗೆ ದಾಟಿಸಿದರೆ ನಾಚಿದವಳಿಗೆ ಡಾಕ್ಟರು ದುಃಖದ ಮಾತ್ರೆ ಬರೆದಾರು. ‘ಕೊರಾಹೆ’ ಎಂದರೆ ಸಿಟ್ಟು, ಆದರೆ ಬರೀ ಸಿಟ್ಟಲ್ಲ. ಮೈಯೊಳಗೆ ಕೂತು ಸಕ್ಕರೆ ಕಾಯಿಲೆ ತರುವ ಸಿಟ್ಟು. ಇಂಗ್ಲಿಷಿನಲ್ಲಿ ಅದಕ್ಕೆ ತಕ್ಕ ಪದವಿಲ್ಲ.

“ಸುಳ್ಳು. ನನಗೆ ಸಕ್ಕರೆ ಇಲ್ಲ,” ಎಂದರು ಶೆಟ್ಟರು.

“ನೀವು ಒಳಗೆ ಇಟ್ಟುಕೊಳ್ಳುವುದಿಲ್ಲವಲ್ಲ,” ಎಂದಳು ಹೆಂಡತಿ ಶಶಿಪ್ರಭಾ, ಸಾರು ಬಡಿಸುತ್ತ. “ನನಗೆ ಉಂಟು.”

‘ದೆಸಾಓಗೊ’ ಎಂಬುದು ಇನ್ನೊಂದು. ಮುಳುಗುತ್ತಿದ್ದವರು ತಲೆ ಮೇಲೆತ್ತಿ ಉಸಿರೆಳೆದ ಹಾಗೆ, ಒಳಗಿದ್ದದ್ದನ್ನೆಲ್ಲ ಹೇಳಿ ಹಗುರಾಗುವುದು.

“ಅದನ್ನು ನೀನು ಹೇಗೆ ಹೇಳ್ತಿ?”

“‘ನನಗೆ ಒಮ್ಮೆ ಪೂರ್ತಿ ಹೇಳಿ ಮುಗಿಸಬೇಕು’ ಅಂತ ಹೇಳ್ತೇನೆ.”

ಆ ಮನೆಯಲ್ಲಿ ಯಾರೂ ಯಾವುದನ್ನೂ ಪೂರ್ತಿ ಹೇಳಿ ಮುಗಿಸಿದವರಲ್ಲ. ತುಳುವಿನಲ್ಲಿ ಎರಡನೇ ವಾಕ್ಯಕ್ಕೇ ಶೆಟ್ಟರ ದನಿ ಏರುತ್ತಿತ್ತು. ಇಂಗ್ಲಿಷನ್ನು ಮಾತ್ರ ಅವರು ಬಾಯಿ ಮುಚ್ಚಿ ಕೊನೆಯವರೆಗೆ ಕೇಳುತ್ತಿದ್ದರು. ಅದು ಬಹರೈನಿನ ಮ್ಯಾನೇಜರ್ ಕಲಿಸಿದ ಅಭ್ಯಾಸ.

ಮಾಣಿ ಎಂಬ ಊರಿನಿಂದ ಒಂದು ಸಂಬಂಧ ಬಂತು. ಹುಡುಗ ಶಿಶಿರ್, ಕತಾರಿನಲ್ಲಿ ಇಂಜಿನಿಯರ್. ಒಳ್ಳೆಯ ಮನೆತನ. ಶೆಟ್ಟರು ಒಪ್ಪಿದರು. ಪ್ರಾಪ್ತಿ ಏನೋ ಹೇಳಲು ಬಾಯಿ ತೆರೆದಳು. “ಹುಡುಗನಿಗೆ ಏನು ಕಡಿಮೆ?” ಎಂದು ಶೆಟ್ಟರು ಗುಡುಗಿದರು. ಅವಳು ಕೆಲಸಕ್ಕೆ ಹೊತ್ತಾಯಿತೆಂದು ಎದ್ದು ಹೋದಳು.

ಕಂಪನಿಯವರು ಹೊತ್ತು ಬದಲಿಸಿದರೋ ಏನೋ, ಮೊದಲು ಬೆಳಗಿನ ಜಾವಕ್ಕಿದ್ದ ಕೆಲಸ ಈಗ ಮಧ್ಯಾಹ್ನಕ್ಕೆ ಬಂದಿತ್ತು. ಶೆಟ್ಟರು ಊಟ ಮಾಡಿ ಚಾವಡಿಯ ಆರಾಮಕುರ್ಚಿಯಲ್ಲಿ ಒರಗುವ ಹೊತ್ತು. ಹೊಸ ಚಿಲಕ ಹಾಕಿಸುತ್ತೇನೆಂದರೆ ಮಗಳು ಬೇಡವೆಂದಳು. ಸ್ಪ್ಯಾನಿಷ್ ಕೇಳುತ್ತಲೇ ಇರಲಿಲ್ಲ. ಬರೀ ಇಂಗ್ಲಿಷ್, ಬಿಡಿಸಿ ಬಿಡಿಸಿ ಆಡಿದ ಇಂಗ್ಲಿಷ್. ಮಗಳ ಕೈ ಪಳಗಿತೆಂದು ಶೆಟ್ಟರಿಗೆ ಹೆಮ್ಮೆಯಾಯಿತು.

“ಹುಡುಗ ಕೆಟ್ಟವನಲ್ಲ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಈ ಮದುವೆ ಬೇಡ.”

ಪಾಪ, ಎಂದುಕೊಂಡರು ಶೆಟ್ಟರು. ಮರುದಿನವೂ ಅದೇ ಕೇಳಿತು. ಅದರ ಮರುದಿನವೂ.

“ಆ ಮದುವೆ ಬೇಡ ಅನ್ನುವ ಹುಡುಗಿ ದಿನಾ ಒಬ್ಬಳೇನಾ?” ಎಂದು ಊಟಕ್ಕೆ ಕೂತಾಗ ಕೇಳಿದರು.

“ಒಬ್ಬಳೇ ಅಪ್ಪ.”

“ಡಾಕ್ಟರಿಗೆ ಹೇಳಿ ಎಂತ ಪ್ರಯೋಜನ? ಅಪ್ಪನಿಗೆ ಹೇಳಲಿ.”

“ಹೇಳ್ತಾ ಇದ್ದಾಳೆ. ಅವರಿಗೆ ಕೇಳುವುದಿಲ್ಲ.”

“ಕಿವಿ ಮಂದವಾ?”

“ಕಿವಿ ಸರಿ ಉಂಟು.”

“ಹಾಗಾದರೆ ಅವನು ಕೋಣ,” ಎಂದು ತೀರ್ಪು ಕೊಟ್ಟು ಶೆಟ್ಟರು ಮಜ್ಜಿಗೆ ಕುಡಿದರು. ಶಶಿಪ್ರಭಾಳಿಗೆ ಕೆಮ್ಮು ಬಂತು.

ನಿಶ್ಚಯದ ದಿನ ಗೊತ್ತುಮಾಡಲು ಹುಡುಗನ ಸೋದರಮಾವ ಬಂದರು. ಚಾವಡಿಯಲ್ಲಿ ಕೂತು ಎಳನೀರು ಬಾಯಿಗಿಡುವಷ್ಟರಲ್ಲಿ ಕೋಣೆಯಿಂದ ದನಿ ಬಂತು. ಇಂಗ್ಲಿಷು, ಎಂದಿಗಿಂತ ತುಸು ಗಟ್ಟಿಯಾಗಿ.

“ಇವತ್ತು ದಿನ ಗೊತ್ತುಮಾಡುತ್ತಾರೆ. ಅಪ್ಪನ ಸಿಟ್ಟಿಗೆ ನನಗೆ ಹೆದರಿಕೆ. ಆದರೂ ಹೇಳುತ್ತೇನೆ, ನನಗೆ ಈ ಮದುವೆ ಬೇಡ.”

ಮಾವನವರ ಎಳನೀರು ಅರ್ಧದಲ್ಲಿ ನಿಂತಿತು. ಶೆಟ್ಟರು ತೊಡೆ ತಟ್ಟಿಕೊಂಡು ನಕ್ಕರು. ಟೆಕ್ಸಾಸು, ಆಸ್ಪತ್ರೆ, ‘ನಾನು’ ಎನ್ನುವ ನಿಯಮ ಎಲ್ಲವನ್ನೂ ವಿವರಿಸಿದರು. ತಾವು ಮೋಸಹೋದ ಚಿಲಕದ ಕತೆಯನ್ನೂ ಸೇರಿಸಿದರು.

“ಭಾರೀ ಕೆಲಸ ಮಾರಾಯ್ರೇ,” ಎಂದು ಮಾವ ತಲೆದೂಗಿದರು. ಎಳನೀರು ಮುಗಿಯಿತು. ಬರುವ ಭಾನುವಾರವೆಂದು ದಿನ ಗೊತ್ತಾಯಿತು.

ಅವರನ್ನು ಕಾರು ಹತ್ತಿಸಿ ಶೆಟ್ಟರು ನೇರ ಅಡುಗೆಮನೆಗೆ ಬಂದರು.

“ಮಗಳಿಗೆ ಹೇಳು ಮಾರಾಯ್ತಿ, ನೆಂಟರು ಬರುವ ದಿನವಾದರೂ ಕೆಲಸಕ್ಕೆ ರಜೆ ಹಾಕಲಿ.”

ಶಶಿಪ್ರಭಾ ಒಲೆಯ ಕಡೆಯಿಂದ ತಿರುಗಲಿಲ್ಲ. “ಯಾವ ಕೆಲಸ? ಹೋದ ತಿಂಗಳೇ ಕಂಪನಿಯವರು ಮೆಷಿನ್ ತಂದು ಇವರನ್ನೆಲ್ಲ ತೆಗೆದಿದ್ದಾರೆ.”

“ಮತ್ತೆ ಅವಳು ದಿನಾ ಮಾತಾಡುವುದು ಯಾರ ಹತ್ತಿರ?”

“ನಿಮ್ಮ ಹತ್ತಿರ.”